ಆಶ್ರಯದ ಲೆಕ್ಕಾಚಾರ: ಗೋವೆ–ಕಾರವಾರ ಗಡಿಯ ಮುನ್ನೂರು ವರ್ಷ

1763ರ ಕೊನೆಗೆ ಹೈದರಾಲಿಯ ದಂಡು ಸೋದೆಯನ್ನು ಹಿಡಿಯಿತು. ಅದೇ ವರ್ಷದ ಮೊದಲಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಬಿದ್ದಿತ್ತು. ಕೆಳದಿಯಂಥ ದೊಡ್ಡ ಸಂಸ್ಥಾನವೇ ನಿಲ್ಲದಿದ್ದಾಗ, ಶಿರಸಿ ಸೀಮೆಯ ಕಾಡು, ಮೆಣಸಿನ ತೋಟ ಮತ್ತು ಕಾರವಾರದ ಕಡೆಯ ಒಂದಿಷ್ಟು ಕರಾವಳಿಯನ್ನು ನೆಚ್ಚಿಕೊಂಡಿದ್ದ ಸೋದೆ ನಿಲ್ಲುವ ಮಾತೇ ಇರಲಿಲ್ಲ. ಅರಸು ಸವಾಯಿ ಇಮ್ಮಡಿ ಸದಾಶಿವ ಸಂಸಾರ, ಪರಿವಾರ ಕಟ್ಟಿಕೊಂಡು ಘಟ್ಟ ಇಳಿದ. ಅವನು ಆಶ್ರಯ ಕೇಳಿದ್ದು ಗೋವೆಯ ಪೋರ್ಚುಗೀಸ್ ಸರಕಾರವನ್ನು.

ಹನ್ನೊಂದು ವರ್ಷಗಳ ಹಿಂದೆ, 1752ರಲ್ಲಿ, ಇದೇ ಪೋರ್ಚುಗೀಸರು ಕಾಳಿ ನದಿಯ ಅಳಿವೆಯಲ್ಲಿದ್ದ ಸೋದೆಯವರ ಸದಾಶಿವಗಡವನ್ನು ಕಿತ್ತುಕೊಂಡಿದ್ದರು. ಎರಡು ವರ್ಷ ಇಟ್ಟುಕೊಂಡು ಮರಳಿ ಕೊಟ್ಟಿದ್ದರು. ಆ ಹಗೆ ಇನ್ನೂ ಹಸಿಯಾಗಿತ್ತು. ಅದಕ್ಕಿಂತ ಹಳೆಯದೊಂದು ಲೆಕ್ಕವೂ ಬಾಕಿಯಿತ್ತು. ಗೋವೆಯ ಸುತ್ತ ಫೋಂಡಾ, ಕಾಣಕೋಣ ಮೊದಲಾದ ಸೀಮೆಗಳು ಆಗ ಸೋದೆಗೆ ಸೇರಿದ್ದವು. ಅಲ್ಲಿನ ದೇವಸ್ಥಾನಗಳ ತುಂಬ ಇದ್ದದ್ದು ಇನ್ನೂರು ವರ್ಷಗಳ ಹಿಂದೆ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಬಂದ ದೇವರುಗಳು, ಆ ಊರುಗಳ ತುಂಬ ಇದ್ದದ್ದು ಅವುಗಳನ್ನು ಹೊತ್ತು ತಂದವರ ವಂಶದವರು. ಪೋರ್ಚುಗೀಸರಿಗೆ ಅಂಜಿ ಬಂದವರಿಗೆ ನೆಲೆಯಾಗಿದ್ದ ಸೀಮೆಯ ಒಡೆಯ ಈಗ ಪೋರ್ಚುಗೀಸರಲ್ಲೇ ನೆಲೆ ಕೇಳಿದ.

ವಲಸೆ ಬಂದವರನ್ನು ಯುರೋಪಿನ ದೇಶಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬ ಚರ್ಚೆ 2015ರಿಂದೀಚೆಗೆ ದಿನವೂ ಕೇಳಿಬರುತ್ತಿದೆ. ಬಾಗಿಲು ತೆರೆಯಬೇಕೆ, ಬೇಲಿ ಹಾಕಬೇಕೆ, ದೂರದ ದ್ವೀಪದಲ್ಲಿ ಕೂಡಿಹಾಕಬೇಕೆ, ನೆರೆಯ ದೇಶಕ್ಕೆ ಹಣ ಕೊಟ್ಟು ತಡೆಯಬೇಕೆ ಎಂದು ಅಲ್ಲಿನ ಸಂಸತ್ತುಗಳು ಕಿತ್ತಾಡುತ್ತಿವೆ. ಈ ಪ್ರಶ್ನೆಗಳಲ್ಲಿ ಬಹುತೇಕ ಎಲ್ಲವೂ ಕಾರವಾರ, ಅಂಕೋಲೆಯ ಈ ತೀರದಲ್ಲಿ ಮುನ್ನೂರು ವರ್ಷಗಳ ಕಾಲ ಒಂದೊಂದಾಗಿ ಎದ್ದು, ಒಂದೊಂದು ಉತ್ತರ ಪಡೆದಿವೆ. ಕೆಲವು ಉತ್ತರ ಕೊಟ್ಟವರು ನಮ್ಮ ಅರಸರು, ಕೆಲವನ್ನು ಕೊಟ್ಟವರು ಯುರೋಪಿನವರು.

ಗೋವೆ ಬಿಟ್ಟವರು

ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ಗೋವೆಯನ್ನು ಗೆದ್ದಾಗ ಅವನ ಜೊತೆಗಿದ್ದವನು ಹೊನ್ನಾವರದ ತಿಮ್ಮಯ್ಯ. ಬಿಜಾಪುರದ ಆದಿಲಶಾಹಿಯ ಬಿಗಿಯಿಂದ ಬಿಡುಗಡೆ ಸಿಕ್ಕಿತೆಂದು ಗೋವೆಯ ಹಿಂದೂಗಳಲ್ಲಿ ಹಲವರು ಸಮಾಧಾನಪಟ್ಟರು. ಮೊದಲ ಮೂವತ್ತು ವರ್ಷ ಆ ಸಮಾಧಾನಕ್ಕೆ ದೊಡ್ಡ ಧಕ್ಕೆ ಬರಲಿಲ್ಲ. 1540ರಿಂದ ಗಾಳಿ ತಿರುಗಿತು. ತೀಸವಾಡಿಯ ದೇವಾಲಯಗಳು ಉರುಳಿದವು. 1559ರಲ್ಲಿ ಅನಾಥ ಹಿಂದೂ ಮಕ್ಕಳನ್ನು ಚರ್ಚಿನ ವಶಕ್ಕೆ ಒಪ್ಪಿಸುವ ರಾಜಾಜ್ಞೆ ಬಂತು. 1560ರಲ್ಲಿ ವೈಸರಾಯ್ ಕಾನ್ಸ್ತಾಂತಿನೊ ದ ಬ್ರಗಾಂಸ ಬ್ರಾಹ್ಮಣರನ್ನು ಹೊರಹಾಕುವ ಆದೇಶ ಹೊರಡಿಸಿದ. ಅದೇ ವರ್ಷ ಗೋವೆಯಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣಾ ನ್ಯಾಯಮಂಡಳಿ ಬಾಗಿಲು ತೆರೆಯಿತು. ದೇವಸ್ಥಾನ ಕಟ್ಟುವುದಿರಲಿ, ಇದ್ದದ್ದನ್ನು ದುರಸ್ತಿ ಮಾಡುವುದೂ 1566ರಲ್ಲಿ ಅಪರಾಧವಾಯಿತು. ಮರುವರ್ಷ ಸಾಷ್ಟಿಯಲ್ಲಿ ಕೆಲವೇ ತಿಂಗಳೊಳಗೆ ನೂರಾರು ಗುಡಿಗಳು ನೆಲಸಮವಾದವು.

ಜನ ಹೊರಟರು. ಹೊರಡುವಾಗ ಅವರು ಮೊದಲು ಎತ್ತಿಕೊಂಡದ್ದು ದೇವರನ್ನು. ಕುಶಸ್ಥಳಿಯ ಮಂಗೇಶ ಝುವಾರಿ ದಾಟಿ ಪ್ರಿಯೋಳಕ್ಕೆ ಬಂದ. ಕೇಳೋಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮ್ಹಾಳಸೆ ಮಾರ್ದೋಳಕ್ಕೆ, ಲೋಟ್ಲಿಯ ರಾಮನಾಥ ಬಾಂದಿವಡೆಗೆ ಬಂದರು. ಇವೆಲ್ಲ ಫೋಂಡಾ ಸೀಮೆಯ ಊರುಗಳು. ನದಿಯ ಆಚೆ ದಡದಲ್ಲಿ ಪೋರ್ಚುಗೀಸ್ ಕಾನೂನು, ಈಚೆ ದಡದಲ್ಲಿ ಬಿಜಾಪುರದ ಆದಿಲಶಾಹಿ. ಮುಸ್ಲಿಂ ಸುಲ್ತಾನನ ನೆಲದಲ್ಲಿ ಹಿಂದೂ ದೇವರುಗಳಿಗೆ ಜಾಗ ಸಿಕ್ಕಿತು. ಈಗ ಫೋಂಡಾದಲ್ಲಿ ಕಾಣುವ ಗುಮ್ಮಟದ ಶಿಖರ, ಹಲವು ನೆಲೆಯ ದೀಪಸ್ತಂಭಗಳ ಭವ್ಯ ಕಟ್ಟಡಗಳು ಬಹಳ ಮಟ್ಟಿಗೆ ಹದಿನೆಂಟನೆಯ ಶತಮಾನದವು. ಮೊದಲ ತಲೆಮಾರು ತಮ್ಮ ದೇವರನ್ನು ಕೂರಿಸಿದ್ದು ಸಾಧಾರಣ ಸೂರಿನಡಿಯಲ್ಲಿ.

ಫೋಂಡಾದಲ್ಲಿ ನಿಲ್ಲದವರು ದಕ್ಷಿಣಕ್ಕೆ ಇಳಿದರು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಅಲ್ಲಿಂದ ಮಂಗಳೂರು, ಕೊಚ್ಚಿಯ ತನಕ ಹೋದರು. ಸಾರಸ್ವತರು, ದೈವಜ್ಞ ಅಕ್ಕಸಾಲಿಗರು, ವೈಶ್ಯವಾಣಿಗಳು, ಕೊಂಕಣ ಖಾರ್ವಿಗಳು ಹೀಗೆ ಜಾತಿ ಜಾತಿಗಳೇ ಸ್ಥಳಾಂತರಗೊಂಡವು. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿದ್ದ ಆರ್ಯದುರ್ಗೆಯೂ ಪೋರ್ಚುಗೀಸರ ಭಯದಿಂದ ಅಂಕೋಲೆಗೆ ಬಂದಳೆಂಬುದು ಈ ತೀರದ ಹೇಳಿಕೆ; ಅಂಕೋಲೆಯಲ್ಲಿ ಅವಳ ದೇವಸ್ಥಾನ ಇಂದಿಗೂ ನಡೆಯುತ್ತಿದೆ. ಈ ಭಾಗದ ಕೊಂಕಣಿ ಕುಟುಂಬಗಳನ್ನು ಕುಲದೇವರು ಎಲ್ಲಿ ಎಂದು ಕೇಳಿದರೆ ಮಂಗೇಶಿ, ಕವಳೆ, ಮಾರ್ದೋಳ, ರಾಮನಾಥಿ ಎಂಬ ಉತ್ತರ ಬರುತ್ತದೆ. ಮದುವೆಯಾದ ಹೊಸ ಜೋಡಿಯನ್ನು ಅಲ್ಲಿಗೆ ಕರೆದೊಯ್ದು ಹಣ್ಣುಕಾಯಿ ಮಾಡಿಸುತ್ತಾರೆ. ಮನೆ ಇಲ್ಲಿ, ದೇವರು ಅಲ್ಲಿ ಎಂಬ ಈ ಏರ್ಪಾಟು ನಾನೂರು ವರ್ಷಗಳಿಂದ ನಡೆದುಬಂದಿದೆ.

ಗೋವೆಯಿಂದ ಓಡಿದವರು ಹಿಂದೂಗಳಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಇನ್‌ಕ್ವಿಸಿಶನ್ನಿನ ಮೊದಲ ಗುರಿ ಇದ್ದದ್ದು ಪೋರ್ಚುಗಲ್ಲಿನಿಂದಲೇ ತಪ್ಪಿಸಿಕೊಂಡು ಬಂದ ಯಹೂದಿ ಮೂಲದ ಕ್ರೈಸ್ತರ ಮೇಲೆ. ವೈದ್ಯ ಗಾರ್ಸಿಯ ದ ಓರ್ತ ಅಂಥವನು. 1534ರಲ್ಲಿ ಗೋವೆಗೆ ಬಂದು, ಈ ನಾಡಿನ ಗಿಡಮೂಲಿಕೆ ಮತ್ತು ಔಷಧಗಳ ಮೇಲಿನ ತನ್ನ ಗ್ರಂಥವನ್ನು 1563ರಲ್ಲಿ ಗೋವೆಯಲ್ಲೇ ಅಚ್ಚು ಹಾಕಿಸಿದ. 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಜೀವಂತ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಗೋರಿಯಿಂದ ತೆಗೆದು ಸುಟ್ಟರು. ಯುರೋಪಿನಿಂದ ಓಡಿಬಂದ ನಿರಾಶ್ರಿತನನ್ನು ಯುರೋಪು ಗೋವೆಯವರೆಗೂ ಅಟ್ಟಿಸಿಕೊಂಡು ಬಂದಿತ್ತು.

ಮತಾಂತರಗೊಂಡವರಿಗೂ ನೆಮ್ಮದಿ ಇರಲಿಲ್ಲ. 1684ರಲ್ಲಿ ಕೊಂಕಣಿ ಮಾತನ್ನೇ ಅಳಿಸಿ ಪೋರ್ಚುಗೀಸ್ ಕಲಿಸುವ ಆಜ್ಞೆ ಬಂತು. ಮದುವೆ ಮನೆಯ ಹಾಡು, ವೀಳ್ಯ, ಅರಿಶಿನದಂಥ ಹಳೆಯ ರೂಢಿಗಳನ್ನೆಲ್ಲ 1736ರ ಶಾಸನ ನಿಷೇಧಿಸಿತು. ಇದರ ಮೇಲೆ ಬರಗಾಲ, ತೆರಿಗೆ, ಮರಾಠರ ದಾಳಿ. ಹೀಗಾಗಿ ಗೋವೆಯ ಕೆಥೊಲಿಕ್ ರೈತರೂ ಗಂಟುಮೂಟೆ ಕಟ್ಟಿ ಕೆನರಾ ದಾರಿ ಹಿಡಿದರು. ಒಂದು ಕಾಲದಲ್ಲಿ ಒಬ್ಬರನ್ನೊಬ್ಬರು ಬಿಟ್ಟುಹೋದ ಎರಡು ಧರ್ಮದವರು ಒಂದೇ ಊರಿಗೆ ಬಂದು ಸೇರಿದರು. ಇಬ್ಬರ ಮನೆಮಾತೂ ಕೊಂಕಣಿ.

ಜಾಗ ಕೊಟ್ಟವರು

ಬಂದವರನ್ನು ಇಲ್ಲಿ ಬರಿದಾದ ನೆಲ ಎದುರುಗೊಳ್ಳಲಿಲ್ಲ. ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂಥರು, ಮೀನುಗಾರರು, ಕಾರವಾರದ ಹಬ್ಬುವಾಡಕ್ಕೆ ಹೆಸರು ಕೊಟ್ಟ ಹಬ್ಬು ಮನೆತನದವರು ಎಲ್ಲರೂ ಇದ್ದರು. ಹೊಸಬರು ಬಂದಾಗ ಗದ್ದೆ, ಲೆಕ್ಕಪತ್ರ, ವ್ಯಾಪಾರ ಕೈ ಬದಲಾಯಿತು. ಇದ್ದವರಲ್ಲಿ ಕೆಲವರು ಹಿಂದೆ ಸರಿಯಬೇಕಾಯಿತು. ಶರಣಾರ್ಥಿಯ ಕಥೆ ಹೇಳುವಾಗ ಈ ಭಾಗವನ್ನು ನಾವು ಸಾಮಾನ್ಯವಾಗಿ ನುಂಗಿಕೊಳ್ಳುತ್ತೇವೆ.

ಆದರೂ ಈ ತೀರದ ಅರಸರು ಬಂದವರನ್ನು ತಡೆಯಲಿಲ್ಲ. ಏಕೆಂದರೆ ಅವರಿಗೆ ಜನ ಬೇಕಿತ್ತು. ಕರಾವಳಿಯಲ್ಲಿ ಬೀಳು ಭೂಮಿ ಬೇಕಾದಷ್ಟಿತ್ತು, ಅದನ್ನು ಗದ್ದೆ ಮಾಡುವ ಕೈಗಳು ಕಡಿಮೆ. ಮೂಲಗೇಣಿಯ ಕರಾರಿನಲ್ಲಿ ನೆಲ ಹಿಡಿದವನು ಗೊತ್ತಾದ ಗೇಣಿ ಕೊಡುತ್ತಿದ್ದರೆ ಅವನನ್ನೂ ಅವನ ಮಕ್ಕಳನ್ನೂ ಯಾರೂ ಎಬ್ಬಿಸುವಂತಿರಲಿಲ್ಲ. ಓಡಿ ಬಂದವನಿಗೆ ಇದಕ್ಕಿಂತ ದೊಡ್ಡ ಅಭಯ ಬೇರೆ ಯಾವುದು? ಓದು ಬರಹ ಬಲ್ಲ ಸಾರಸ್ವತರು ಶಾನುಭೋಗಿಕೆ ಹಿಡಿದರು, ಅಂಗಡಿ ಇಟ್ಟರು, ಘಟ್ಟದ ಮೆಣಸನ್ನು ಬಂದರಿಗೆ ತಲುಪಿಸುವ ದಲ್ಲಾಳಿಗಳಾದರು. ಸೋದೆಯ ಮೆಣಸು ಆ ಕಾಲದ ಮಾರುಕಟ್ಟೆಯಲ್ಲಿ ಮೇಲು ದರ್ಜೆಯದು. ಅದಕ್ಕಾಗಿಯೇ ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ಹಾಕಿದ್ದು.

ಕೆಳದಿಯವರ ಲೆಕ್ಕ ಇನ್ನೂ ಸ್ಪಷ್ಟ. ಶಿವಪ್ಪ ನಾಯಕ 1652ರಿಂದ 1654ರೊಳಗೆ ಹೊನ್ನಾವರ, ಬಸರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ಅದೇ ಮನೆತನದ ಆಳ್ವಿಕೆಯಲ್ಲಿ ಗೋವೆಯ ಕೆಥೊಲಿಕರು ಕೆನರಾದಲ್ಲಿ ಗದ್ದೆ ಮಾಡಿಕೊಂಡು, ಇಗರ್ಜಿ ಕಟ್ಟಿಕೊಂಡು ಇದ್ದರು. ಪೋರ್ಚುಗೀಸರ ಫಿರಂಗಿ ಬೇಡ, ಪೋರ್ಚುಗೀಸರ ಧರ್ಮದ ರೈತ ಇರಲಿ. ಆ ರೈತ ಬೆಳೆದ ಅಕ್ಕಿಯನ್ನೇ ಗೋವೆ ತಿನ್ನಬೇಕಿತ್ತು. ಗೋವೆಯ ಹೊಟ್ಟೆ ಕೆನರಾದ ಅಕ್ಕಿಯ ಮೇಲೆ ನಿಂತಿತ್ತು. ಬಸರೂರು, ಮಂಗಳೂರಿನಿಂದ ಅಕ್ಕಿಯ ಹಡಗು ಹೋಗದಿದ್ದರೆ ವೈಸರಾಯನಿಗೂ ಊಟಕ್ಕೆ ತತ್ವಾರ. ಒಕ್ಕಲನ್ನು ಓಡಿಸಿದ ಸರಕಾರ ಆ ಒಕ್ಕಲು ಬೇರೆಡೆ ಬೆಳೆದದ್ದನ್ನು ಹಣ ಕೊಟ್ಟು ಕೊಂಡಿತು. ಹೊಲ ಬೀಳುಬಿದ್ದು ಆದಾಯ ಕುಸಿದಾಗ, ಮರಳಿ ಬಂದವರಿಗೆ ಅವರ ಆಸ್ತಿ ಕೊಡುತ್ತೇವೆಂದು ಗೋವೆಯ ಸರಕಾರ ಹದಿನಾರನೆಯ ಶತಮಾನದಲ್ಲೇ ಆಶ್ವಾಸನೆ ಕೊಡಬೇಕಾಗಿ ಬಂದಿತ್ತು.

ಸೋದೆಯ ರಾಜಧಾನಿಗೆ ಹೋದರೆ ಆ ಮನೆತನದ ಧಾಟಿ ತಿಳಿಯುತ್ತದೆ. ಶಿರಸಿಯ ಹತ್ತಿರದ ಆ ಒಂದು ಸೀಮೆಯಲ್ಲಿ ವಾದಿರಾಜರ ಮಠವಿದೆ, ಸ್ವರ್ಣವಲ್ಲಿ ಮಠವಿದೆ, ಜೈನರ ಸ್ವಾದಿ ಮಠವಿದೆ. ಆಳಿದವರು ವೀರಶೈವ ಆಚಾರಕ್ಕೆ ಒಲಿದವರು. ಇದು ಮತೀಯ ಸಹನೆಯ ಸಿದ್ಧಾಂತವೇನೂ ಅಲ್ಲ, ಆಳುವವನ ಅನುಭವ. ಚಿಕ್ಕ ರಾಜ್ಯಕ್ಕೆ ಯಾರನ್ನೂ ಕಳೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಅಂಜದೀವದ ಗೋರಿಗಳು

ಯುರೋಪಿನವರೇ ಯುರೋಪಿನವರಿಗೆ ಬಾಗಿಲು ಹಾಕಿದ ಕಥೆ ಕಾರವಾರದ ಕಣ್ಣೆದುರಿಗೇ ನಡೆಯಿತು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ ತನ್ನ ರಾಜಕುಮಾರಿ ಕ್ಯಾಥರೀನಳ ಜೊತೆ ಮುಂಬಯಿಯನ್ನೂ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಬಳುವಳಿಯಾಗಿ ಕೊಟ್ಟಿತು. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ 1662ರಲ್ಲಿ ಮುಂಬಯಿಗೆ ಬಂದ. ಕಾಗದಪತ್ರ ಸರಿಯಿಲ್ಲ ಎಂದು ಪೋರ್ಚುಗೀಸ್ ವೈಸರಾಯ್ ಆಂಟೋನಿಯೊ ದ ಮೆಲೊ ದ ಕಾಸ್ತ್ರೊ ಅವರನ್ನು ಇಳಿಯಗೊಡಲಿಲ್ಲ. ಸೂರತ್ತಿನಲ್ಲಿದ್ದ ಇಂಗ್ಲಿಷ್ ಕಂಪನಿಯವರೂ ಕೈಚೆಲ್ಲಿದರು; ಇಷ್ಟೊಂದು ಸೈನಿಕರನ್ನು ಇಳಿಸಿಕೊಂಡರೆ ಮೊಗಲ್ ಅಧಿಕಾರಿಗಳಿಗೆ ಸಿಟ್ಟು ಬರುತ್ತದೆ ಎಂದರು. ತಂದುಬಿಟ್ಟ ಹಡಗುಗಳು ಹೊರಟು ನಿಂತಿದ್ದವು. ಉಳಿದ ದಾರಿ ಒಂದೇ: ಬಿಣಗಾದ ಎದುರಿನ ಅಂಜದೀವ.

ಒಂದೂವರೆ ಚದರ ಕಿಲೋಮೀಟರಿನ ಆ ದ್ವೀಪದಲ್ಲಿ ಆ ಸೈನಿಕರು ಎರಡು ಮಳೆಗಾಲ ಕಳೆದರು. ಕಾರವಾರದ ಮಳೆಗಾಲ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಜ್ವರ, ಬೇಧಿ, ಸರಿಯಾದ ಸೂರಿಲ್ಲದ ಬಿಡಾರ, ದಡದಿಂದ ಬರಬೇಕಾದ ಆಹಾರ. 1664ರಲ್ಲಿ ಶಿಪ್‌ಮನ್ ತಾನೇ ಸತ್ತ. ಕೊನೆಗೆ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಪೋರ್ಚುಗೀಸರು ಹೇಳಿದ ಷರತ್ತುಗಳಿಗೆಲ್ಲ ಒಪ್ಪಿ 1665ರ ಫೆಬ್ರವರಿಯಲ್ಲಿ ಮುಂಬಯಿಗೆ ಕಾಲಿಟ್ಟಾಗ ಅವನ ಹಿಂದೆ ಉಳಿದಿದ್ದವರು ಸುಮಾರು ನೂರು ಜನ. ಉಳಿದವರೆಲ್ಲ ಅಂಜದೀವದ ಮಣ್ಣಾದರು. ಮೂರು ವರ್ಷಗಳ ನಂತರ ಅದೇ ಮುಂಬಯಿಯನ್ನು ರಾಜ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ.

ಅವರು ನಿರಾಶ್ರಿತರಲ್ಲ, ಒಂದು ರಾಜ್ಯದ ಸೈನಿಕರು. ಆದರೆ ಅವರಿಗೆ ಆದದ್ದು ಇಂದಿನ ದೋಣಿಯವರಿಗೆ ಆಗುತ್ತಿರುವುದೇ: ಒಂದು ಬಂದರು ಕಾಗದದ ನೆಪ ಹೇಳುತ್ತದೆ, ಇನ್ನೊಂದು ಬಂದರು ನೆರೆಯವರ ಮುಲಾಜು ಹೇಳುತ್ತದೆ, ತೀರ್ಮಾನ ಆಗುವವರೆಗೆ ಮನುಷ್ಯರು ದ್ವೀಪದಲ್ಲಿ ಕೊಳೆಯುತ್ತಾರೆ. 2023ರಲ್ಲಿ ಇಟಲಿ ತನ್ನ ಹಡಗುಗಳು ಕಡಲಲ್ಲಿ ಎತ್ತಿಕೊಂಡ ವಲಸಿಗರನ್ನು ಆಲ್ಬೇನಿಯದಲ್ಲಿ ಇಟ್ಟು ವಿಚಾರಣೆ ನಡೆಸುವ ಒಪ್ಪಂದ ಮಾಡಿಕೊಂಡಿತು. ಬ್ರಿಟನ್ ರುವಾಂಡಕ್ಕೆ ಕಳುಹಿಸುವ ಯೋಜನೆ ಹಾಕಿ 2024ರಲ್ಲಿ ಕೈಬಿಟ್ಟಿತು. ಕಣ್ಣಿಗೆ ಕಾಣದ ಕಡೆ ಇಟ್ಟರೆ ಸಮಸ್ಯೆ ಮುಗಿಯಿತೆಂಬ ನಂಬಿಕೆ ಹೊಸದಲ್ಲ.

ಕಾಡಿಗೆ ಹೋದವರು

ಈ ತೀರದಲ್ಲಿ ಯಾವ ಅರಸನನ್ನೂ ಆಶ್ರಯ ಕೇಳದೆ ಬಂದವರೂ ಇದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನು ತಂದು ಗೋವೆಯಲ್ಲಿ ಮಾರುತ್ತಿದ್ದರು. ತಪ್ಪಿಸಿಕೊಂಡವರು, ಬಿಟ್ಟುಕಳಿಸಲ್ಪಟ್ಟವರು ಘಟ್ಟದ ಕಾಡು ಹತ್ತಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಒಳನಾಡಿನಲ್ಲಿ ಇಂದು ಇರುವ ಸಿದ್ದಿಗಳಲ್ಲಿ ಬಹಳಷ್ಟು ಮಂದಿ ಅವರ ಸಂತತಿ. ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತು ಆಡುತ್ತಾರೆ; ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ತೋಟದ ಒಡೆಯರಿಗೆ ಅವರ ತೋಳ್ಬಲ ಬೇಕಿತ್ತು, ಅವರ ಹೆಸರಿನಲ್ಲಿ ನೆಲ ಇರುವುದು ಬೇಕಿರಲಿಲ್ಲ. ಮೂಲಗೇಣಿಯ ಭಾಗ್ಯ ಕೊಂಕಣಿ ರೈತನಿಗೆ ಸಿಕ್ಕಂತೆ ಸಿದ್ದಿಗೆ ಸಿಗಲಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ. ಆ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಒಂದೇ ಗೋವೆಯಿಂದ ಓಡಿಬಂದ ಇಬ್ಬರಲ್ಲಿ ಒಬ್ಬ ಎರಡು ತಲೆಮಾರಿನಲ್ಲಿ ಊರಿನವನಾದ, ಇನ್ನೊಬ್ಬನಿಗೆ ಮುನ್ನೂರು ವರ್ಷವೂ ಸಾಲಲಿಲ್ಲ. ನಮ್ಮ ಆತಿಥ್ಯದ ಹೆಮ್ಮೆಯನ್ನು ಈ ವ್ಯತ್ಯಾಸದ ಪಕ್ಕದಲ್ಲಿಟ್ಟೇ ನೋಡಬೇಕು.

ಅರಸನಿಗೆ ಸಿಕ್ಕ ಆಶ್ರಯ

ಈಗ ಸೋದೆಯ ಸದಾಶಿವನ ಕಡೆಗೆ ಬರೋಣ. ಅವನು ಗೋವೆಗೆ ಬಂದಾಗ ಅಲ್ಲಿನ ಸರಕಾರ ಇನ್ನೂರು ವರ್ಷಗಳ ಹಿಂದಿನ ಸರಕಾರವಾಗಿರಲಿಲ್ಲ. 1739ರಲ್ಲಿ ಮರಾಠರು ವಸಾಯಿಯನ್ನು ಕಿತ್ತುಕೊಂಡಿದ್ದರು, ಗೋವೆಯೇ ಉಳಿದದ್ದು ಕೂದಲೆಳೆಯಲ್ಲಿ. ಲಿಸ್ಬನ್ನಿನಲ್ಲಿ ಅಧಿಕಾರ ಹಿಡಿದಿದ್ದ ಪೊಂಬಾಲ್ ಜೆಸ್ವಿಟ್ ಪಾದ್ರಿಗಳನ್ನು ಹೊರಹಾಕಿದ್ದ. ಗೋವೆಯ ಆಡಳಿತಕ್ಕೆ ಬೇಕಾಗಿದ್ದದ್ದು ಸುತ್ತ ಒಂದಿಷ್ಟು ಭದ್ರವಾದ ನೆಲ.

ಆ ನೆಲ ಈ ಅರಸನಲ್ಲಿತ್ತು. ಫೋಂಡಾವನ್ನು, ಕಾಣಕೋಣವನ್ನು, ಕಾಬೊ ದ ರಾಮ ಕೋಟೆಯನ್ನು ಪೋರ್ಚುಗೀಸರು 1763–64ರಲ್ಲೇ ವಶಕ್ಕೆ ತೆಗೆದುಕೊಂಡರು. ಹೈದರಾಲಿಯ ಕೈಗೆ ಹೋಗದಂತೆ ಅರಸನ ಪರವಾಗಿ ಕಾಯುತ್ತಿದ್ದೇವೆ ಎಂಬುದು ಅದರ ನೆಪ. ಅರಸನಿಗೆ ಜೀವನಾಂಶ ಗೊತ್ತುಮಾಡಿದರು, ಮರ್ಯಾದೆ ಉಳಿಸಿದರು. ಅವನ ಮನೆತನ ಫೋಂಡಾದ ಬಾಂದಿವಡೆಯಲ್ಲಿ ನಾಗೇಶನ ಗುಡಿಯ ಹತ್ತಿರ ಅರಮನೆ ಕಟ್ಟಿಕೊಂಡಿತು. ವಾಪಸಾಗುವ ಆಸೆಯಲ್ಲಿ ವರ್ಷಗಳು ಉರುಳಿದವು. ಸೋದೆ ಹೈದರನಿಂದ ಟಿಪ್ಪುವಿನ ಕೈಗೆ ಹೋಯಿತೇ ಹೊರತು ಹಳೆಯ ಮನೆತನಕ್ಕೆ ಬರಲಿಲ್ಲ. 1791ರ ಕರಾರಿನಲ್ಲಿ ಆ ಸೀಮೆಗಳೆಲ್ಲ ಕಾಯಮ್ಮಾಗಿ ಪೋರ್ಚುಗಲ್ಲಿಗೆ ಸೇರಿದವು. 1799ರಲ್ಲಿ ಟಿಪ್ಪು ಬಿದ್ದಾಗಲೂ ಘಟ್ಟದ ಮೇಲಿನ ಸೋದೆ ಇಂಗ್ಲಿಷರ ಪಾಲಾಯಿತು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಅದರ ಕಂದಾಯ ಗೊತ್ತುಮಾಡಿದ. ಅರಸನ ವಂಶ ಗೋವೆಯಲ್ಲೇ ಬೇರೂರಿತು.

ಫೋಂಡಾದ ದೇವಸ್ಥಾನಗಳ ಜನರಿಗೆ 1763 ಭಯ ಹುಟ್ಟಿಸುವ ವರ್ಷವೇ ಆಗಿರಬೇಕು. ಅವರ ಹಿರಿಯರು ಯಾರಿಂದ ತಪ್ಪಿಸಿಕೊಂಡು ನದಿ ದಾಟಿದ್ದರೋ ಅವರೇ ಈಗ ನದಿ ದಾಟಿ ಬಂದಿದ್ದರು. ಆದರೆ ಈ ಬಾರಿ ಯಾವ ಗುಡಿಯೂ ಉರುಳಲಿಲ್ಲ. ಹೊಸ ಸೀಮೆಗಳ ಧರ್ಮ, ದೇವಸ್ಥಾನ, ಗ್ರಾಮದ ಕಟ್ಟುಕಟ್ಟಳೆಗೆ ಕೈಹಚ್ಚುವುದಿಲ್ಲವೆಂದು ಪೋರ್ಚುಗೀಸ್ ಸರಕಾರ ಮಾತು ಕೊಟ್ಟಿತು, ಬಹುಮಟ್ಟಿಗೆ ನಡೆಸಿತು. ಇನ್‌ಕ್ವಿಸಿಶನ್ 1774ರಲ್ಲಿ ನಿಂತು, 1778ರಲ್ಲಿ ಮತ್ತೆ ಶುರುವಾಗಿ, 1812ರಲ್ಲಿ ಪೂರ್ತಿ ಮುಚ್ಚಿತು. ಗೋವೆಯ ಈ ಬದಲಾವಣೆ ಮನಸ್ಸಿನ ಪರಿವರ್ತನೆಯಿಂದ ಬಂದದ್ದಕ್ಕಿಂತ ಹೆಚ್ಚಾಗಿ ದುರ್ಬಲ ಸರಕಾರದ ಅನಿವಾರ್ಯತೆಯಿಂದ ಬಂದದ್ದು. ಬಲ ಕುಂದಿದ ಮೇಲೆ ಬಂದ ಸಹನೆಯೂ ಸಹನೆಯೇ. ಅದರಿಂದ ಮಂಗೇಶಿ ಉಳಿಯಿತು, ಕವಳೆ ಉಳಿಯಿತು.

ಆಶ್ರಯದ ಲೆಕ್ಕ ತಿರುಗುಮುರುಗಾದರೆ ಏನಾಗುತ್ತದೆಂಬುದಕ್ಕೆ ಅದೇ ಕಾಲದ ಕೆನರಾ ಸಾಕ್ಷಿ. ಕೆಳದಿಯವರ ಕಾಲದಲ್ಲಿ ಒಕ್ಕಲಾಗಿ ನಿಂತಿದ್ದ ಕೆಥೊಲಿಕರು ಇಂಗ್ಲಿಷರ ಪರ ಎಂಬ ಶಂಕೆಯ ಮೇಲೆ ಟಿಪ್ಪು 1784ರಲ್ಲಿ ಸಾವಿರಾರು ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಜ್ಜ ಮುತ್ತಜ್ಜನ ಕಾಲದಲ್ಲಿ ಬಂದವರಾದರೂ ಯುದ್ಧ ಬಂದಾಗ ಅವರು ಹೊರಗಿನವರಾದರು. ಆ ದಿನಗಳಲ್ಲಿ ಒಳನಾಡಿನ ಹಿಂದೂಗಳೂ ಕ್ರೈಸ್ತರೂ ತಲೆಮರೆಸಿಕೊಳ್ಳಲು ಹೋದ ಜಾಗಗಳಲ್ಲಿ ಅಂಜದೀವವೂ ಒಂದು.

ನಂತರದ ದಿನಗಳು

1862ರಲ್ಲಿ ಕೆನರಾ ಎರಡಾಗಿ ಉತ್ತರದ ಪಾಲು ಮುಂಬಯಿ ಪ್ರಾಂತಕ್ಕೆ ಹೋಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಮಾಜಾಳಿಯ ಆಚೆ ಪೋರ್ಚುಗಲ್, ಈಚೆ ಬ್ರಿಟಿಷ್ ಭಾರತ. ನೆಂಟಸ್ತಿಕೆಗೆ ಗಡಿ ಇರಲಿಲ್ಲ. 1946ರಿಂದ ಗೋವಾ ವಿಮೋಚನೆಯ ಹೋರಾಟ ಕಾವೇರಿದಾಗ ಗೋವೆಯ ಹೋರಾಟಗಾರರಿಗೆ ಕಾರವಾರ, ಬೆಳಗಾವಿಗಳು ಬೆನ್ನಿಗೆ ನಿಂತವು. ಅವರ ರಹಸ್ಯ ಬಾನುಲಿ ಕೆಲಕಾಲ ನಡೆದದ್ದು ಇದೇ ಜಿಲ್ಲೆಯ ಕ್ಯಾಸಲ್‌ರಾಕ್ ಕಾಡಿನಿಂದ. 1961ರ ನವೆಂಬರಿನಲ್ಲಿ ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವದಿಂದ ಪ್ರಯಾಣಿಕರ ಹಡಗು ಸಾಬರಮತಿಯ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ದ್ವೀಪವನ್ನು ಬಿಡಿಸಲು ಹೋದ ನೌಕಾಪಡೆಯ ಏಳು ಮಂದಿ ಸತ್ತರು. ಈಗ ಅದು ಕದಂಬ ನೌಕಾನೆಲೆಯ ಭಾಗ. ಆ ನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ತಮ್ಮ ಊರು ಬಿಟ್ಟವು. ಸ್ವಂತ ದೇಶದಲ್ಲೇ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವು.

ಇದೇ ಜಿಲ್ಲೆಯ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ನರ ನೆಲೆ ಶುರುವಾಯಿತು. ಕಾಡು ಕಡಿದು ಹೊಲ ಮಾಡಿಕೊಟ್ಟರು, ಮನೆ ಕೊಟ್ಟರು, ಶಾಲೆ ಕೊಟ್ಟರು. ಗಾಂದೆನ್, ಡ್ರೆಪುಂಗ್ ವಿಹಾರಗಳು ಅಲ್ಲಿ ಮರುಹುಟ್ಟು ಪಡೆದವು. ನೆಲ, ಮಾತು, ದೇವರು ಮೂರನ್ನೂ ಇಟ್ಟುಕೊಳ್ಳಬಹುದು ಎಂಬ ಹಳೆಯ ಕರಾರೇ ಅಲ್ಲೂ ಕೆಲಸ ಮಾಡಿತು.

ಇಂದಿನ ಯುರೋಪಿಗೆ

2015ರಲ್ಲಿ ಸುಮಾರು 13 ಲಕ್ಷ ಜನ ಯುರೋಪಿನಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿದರು. ಜರ್ಮನಿ ಬಾಗಿಲು ತೆರೆಯಿತು, ಹಂಗೇರಿ ಮುಳ್ಳುತಂತಿಯ ಬೇಲಿ ಹಾಕಿತು. 10,000 ಕ್ರೋನರ್‌ಗಿಂತ ಹೆಚ್ಚಿನ ಬೆಲೆಯ ಸೊತ್ತು ತಂದವರಿಂದ ಅದನ್ನು ವಸೂಲು ಮಾಡುವ ಕಾನೂನನ್ನು ಡೆನ್ಮಾರ್ಕ್ 2016ರಲ್ಲಿ ತಂದಿತು. ಅದೇ ವರ್ಷ ಯುರೋಪಿನ ಒಕ್ಕೂಟ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು, ಜನರನ್ನು ಅಲ್ಲೇ ತಡೆಯಲು ಹಣ ಕೊಟ್ಟಿತು. 2022ರಲ್ಲಿ ಉಕ್ರೇನಿನ ಜನ ಬಂದಾಗ ಮಾತ್ರ ಕೆಲವೇ ದಿನಗಳಲ್ಲಿ ತಾತ್ಕಾಲಿಕ ರಕ್ಷಣೆಯ ನಿಯಮ ಜಾರಿಯಾಯಿತು: ವಾಸದ ಪರವಾನಗಿ, ಕೆಲಸದ ಹಕ್ಕು, ಶಾಲೆ, ಚಿಕಿತ್ಸೆ. ನಲವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಸಿಕ್ಕಿತು. ಸಿರಿಯದವನನ್ನೂ ಆಫ್ಘಾನಿಸ್ತಾನದವನನ್ನೂ ವರ್ಷಗಟ್ಟಲೆ ಕಾಯಿಸಿದ್ದು ಶಕ್ತಿಯಿಲ್ಲದೆ ಅಲ್ಲ ಎಂಬುದು ಅಂದು ಬಯಲಾಯಿತು. ಕೊಂಕಣಿ ರೈತನಿಗೆ ಮೂಲಗೇಣಿ ಕೊಟ್ಟು ಸಿದ್ದಿಯನ್ನು ಕಾಡಿನಲ್ಲಿ ಬಿಟ್ಟ ನಮಗೆ ಆ ಭೇದ ಅರ್ಥವಾಗದ್ದೇನಲ್ಲ.

ಇನ್ನೊಂದು ಬಾಗಿಲೂ ಇದೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ ಪೋರ್ಚುಗೀಸ್ ಪೌರತ್ವ ಪಡೆಯುತ್ತಾರೆ. ಆ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಸ್ವಿಂಡನ್‌ನಂಥ ಊರುಗಳಲ್ಲಿ ಸಾವಿರಾರು ಗೋವನ್ನರು ನೆಲೆಸಿದ್ದಾರೆ. ಕಾಣಕೋಣದ ಪೋಳೆಯವನಿಗೆ ಆ ಹಕ್ಕಿದೆ, ಕೂಗಳತೆಯ ಮಾಜಾಳಿಯವನಿಗೆ ಇಲ್ಲ. ಇಬ್ಬರ ಮಾತು ಒಂದೇ, ಊಟ ಒಂದೇ, ಒಂದು ಕಾಲದಲ್ಲಿ ಅರಸನೂ ಒಬ್ಬನೇ. ಅವರ ನಡುವಿನ ಗೆರೆ ಎಳೆದದ್ದು ರಾಜ್ಯ ಕಳೆದುಕೊಂಡ ಒಬ್ಬ ಅರಸನಿಗೆ ಸಿಕ್ಕ ಆಶ್ರಯ ಮತ್ತು 1791ರ ಕರಾರು. ಅತ್ತ ಗೋವೆಗೆ ದುಡಿಯಲು ಹೋದ ಉತ್ತರ ಕರ್ನಾಟಕದ ಕನ್ನಡಿಗರು ದಶಕಗಟ್ಟಲೆ ಅಲ್ಲಿದ್ದರೂ ಹೊರಗಿನವರೇ. 2017ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಅವರ ಮನೆಗಳನ್ನು ಕೆಡವಿದರು.

ಈ ಮುನ್ನೂರು ವರ್ಷಗಳಿಂದ ನಾನು ತೆಗೆಯುವ ತೀರ್ಪು ಇಷ್ಟು. ಆಶ್ರಯ ಎಂದೂ ಬರಿಯ ದಯೆಯಾಗಿರಲಿಲ್ಲ. ಕೆಳದಿಗೆ ಒಕ್ಕಲು ಬೇಕಿತ್ತು, ಸೋದೆಗೆ ವ್ಯಾಪಾರಿ ಬೇಕಿತ್ತು, ಗೋವೆಗೆ ಫೋಂಡಾ ಬೇಕಿತ್ತು. ಲೆಕ್ಕ ಹಾಕಿ ಕೊಟ್ಟರೆಂದು ಆಶ್ರಯದ ಬೆಲೆ ಕಡಿಮೆಯಾಗುವುದಿಲ್ಲ. ಯಾವ ಲೆಕ್ಕ ಎಂಬುದೇ ಮುಖ್ಯ. ಬಂದವನಿಗೆ ಎಬ್ಬಿಸಲಾಗದ ನೆಲೆ ಮತ್ತು ದುಡಿಯುವ ಹಕ್ಕು ಕೊಟ್ಟು, ಅವನ ದೇವರು, ಮಾತನ್ನು ಅವನ ಪಾಡಿಗೆ ಬಿಟ್ಟಲ್ಲಿ ಊರು ಬೆಳೆಯಿತು. ದ್ವೀಪದಲ್ಲಿಟ್ಟು ಕಾಯಿಸಿದಲ್ಲಿ ಗೋರಿಗಳು ಬೆಳೆದವು. ದುಡಿಮೆ ಪಡೆದು ನೆಲ ಕೊಡದಿದ್ದಲ್ಲಿ ತಲೆಮಾರುಗಳ ಬಡತನ ಬೆಳೆಯಿತು.

ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆ ಮೊದಲು ಹುಟ್ಟಿದ್ದು ಯುರೋಪಿನವರ ಸಲುವಾಗಿ. 1967ರಲ್ಲಿ ಅದು ಎಲ್ಲರಿಗೂ ಅನ್ವಯವಾಯಿತು. ಭಾರತ ಇಂದಿಗೂ ಅದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ನಮ್ಮಲ್ಲಿ ಒಂದು ಕಾನೂನೂ ಇಲ್ಲ. ಟಿಬೆಟನ್ನನಿಗೆ ಒಂದು ನ್ಯಾಯ, ಶ್ರೀಲಂಕಾದ ತಮಿಳನಿಗೆ ಒಂದು, ರೋಹಿಂಗ್ಯಾಗೆ ಇನ್ನೊಂದು ಎಂಬಂತೆ ಆಯಾ ಕಾಲದ ಸರಕಾರದ ಮರ್ಜಿಯಲ್ಲಿ ನಡೆದುಹೋಗುತ್ತಿದೆ. ಯುರೋಪನ್ನು ಹಳಿಯುವ ಮೊದಲು, ಬಂದವನ ಹಕ್ಕು ಯಾವುದು, ಇದ್ದವನ ಹಕ್ಕು ಯಾವುದು ಎಂಬುದನ್ನು ಬರೆದಿಡುವ ಒಂದು ಕಾನೂನನ್ನು ನಾವು ಮಾಡಿಕೊಳ್ಳಬೇಕು.